ಇದ್ದ ಜಾಗದಲ್ಲಿಯೇ ಬೆಳಕಿನ ಅಡಿಗೆ ಮನೆ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹೋಬಳಿಯ ಊರುಗಳಲ್ಲಿ ಅಕ್ಕಿಯಲ್ಲಿನ ಕಲ್ಲು ಆರಿಸುವ ಹೆಂಗಸರು ಸಾಮಾನ್ಯವಾಗಿ ಮೊರ ಹಿಡಿದು ಹೊಸ್ತಿಲ ಬಳಿಯಲ್ಲೋ, ಜಗುಲಿಯ ಮೇಲೋ ಕುಳಿತಿರುತ್ತಾರೆ. ನಾಲ್ಕು ಮಾತನಾಡುವ ಸಲುವಾಗಿ ಹೊರಗೆ ಬಂದಿದ್ದಾರೆಂದು ನೋಡುವವರಿಗೆ ತೋರಬಹುದು. ಅದೂ ಒಂದು ಕಾರಣವಿರಬಹುದು. ಆದರೆ ಮುಖ್ಯ ಕಾರಣವೆಂದರೆ ಅಡಿಗೆ ಮನೆಯಲ್ಲಿ ಹಗಲು ಹನ್ನೆರಡು ಗಂಟೆಗೂ ಕಲ್ಲು ಯಾವುದು, ಅಕ್ಕಿ ಯಾವುದು ಎಂದು ತಿಳಿಯುವಷ್ಟು ಬೆಳಕಿರುವುದಿಲ್ಲ. ಯಾವ ಮನೆಯಲ್ಲಿ ಮೊರ ಹೊರಗೆ ಬರುತ್ತದೆಯೋ ಆ ಮನೆಯ ಅಡಿಗೆ ಕೋಣೆಯನ್ನು ಸುಧಾರಿಸಬೇಕಾಗಿದೆ ಎಂದು ಧಾರಾಳವಾಗಿ ಹೇಳಬಹುದು.

ಭದ್ರಾ ನಾಲೆಯ ನೀರು ಬಂದ ಮೇಲೆ ಈ ಭಾಗದಲ್ಲಿ ಭತ್ತ, ಅಡಿಕೆ, ಮೆಕ್ಕೆಜೋಳದಿಂದ ರೈತರ ಕೈಗೆ ಹಣ ಬಂದಿತು. ಅನೇಕ ಮನೆಗಳ ಮುಂಭಾಗ ಹೊಸದಾಯಿತು. ಜಗುಲಿಗೆ ಗ್ರಾನೈಟ್, ಪಡಸಾಲೆಗೆ ಬಣ್ಣ, ಬಾಗಿಲಿಗೆ ತೇಗ. ಮನೆಯ ಹಿಂಭಾಗದಲ್ಲಿರುವ ಅಡಿಗೆ ಮನೆ ಮಾತ್ರ ಬಹಳ ಕಡೆ ಅಜ್ಜನ ಕಾಲದಲ್ಲಿದ್ದಂತೆಯೇ ಉಳಿದಿದೆ. ಕೇಳಿದರೆ ದೊರೆಯುವ ಉತ್ತರ ಒಂದೇ: "ಅದು ಚಿಕ್ಕದು, ಏನು ಮಾಡಲಿಕ್ಕೂ ಬರುವುದಿಲ್ಲ, ಹೊಸ ಮನೆ ಕಟ್ಟಿದಾಗ ನೋಡೋಣ." ಹೊಸ ಮನೆ ಕಟ್ಟುವ ವರ್ಷ ಬರುವ ತನಕ ದಿನಕ್ಕೆ ನಾಲ್ಕೈದು ಗಂಟೆ ಆ ಕತ್ತಲೆಯಲ್ಲಿ ನಿಲ್ಲುವವರು ಮನೆಯ ಹೆಂಗಸರು.

ಅಡಿಗೆ ಮನೆ ನಿಜವಾಗಿ ಚಿಕ್ಕದೇ ಎಂಬುದನ್ನು ಮೊದಲು ಅಳೆದು ನೋಡಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಪ್ರತ್ಯೇಕ ಅಡಿಗೆ ಮನೆಗೆ ಕನಿಷ್ಠ 5 ಚದರ ಮೀಟರ್, ಅಂದರೆ ಸುಮಾರು 54 ಚದರ ಅಡಿ ಜಾಗವಿದ್ದರೆ ಸಾಕು. ಹಳೆಯ ಮನೆಯ 8 ಅಡಿ ಅಗಲ, 10 ಅಡಿ ಉದ್ದದ ಅಡಿಗೆ ಕೋಣೆ 80 ಚದರ ಅಡಿ ಆಯಿತು; ಕನಿಷ್ಠ ಅಳತೆಯ ಒಂದೂವರೆ ಪಟ್ಟು. 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಒಂದು ಅಡಿಗೆ ಮನೆಯನ್ನು ರೂಪಿಸಿದರು. ರೈಲಿನ ಊಟದ ಡಬ್ಬಿಯಲ್ಲಿ ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಜನಕ್ಕೆ ಹೇಗೆ ಅಡಿಗೆಯಾಗುತ್ತದೆ ಎಂಬುದನ್ನು ನೋಡಿ ಅವರು ಕಲಿತರು. ಅವರ ಅಡಿಗೆ ಮನೆಯ ಅಗಲ 1.9 ಮೀಟರ್, ಉದ್ದ 3.4 ಮೀಟರ್; ಒಟ್ಟು ಸುಮಾರು 70 ಚದರ ಅಡಿ. ಅಂತಹ ಅಡಿಗೆ ಮನೆಗಳು ಆ ನಗರದಲ್ಲಿ ಸುಮಾರು ಹತ್ತು ಸಾವಿರ ಕಟ್ಟಲ್ಪಟ್ಟವು. ಅದಕ್ಕಿಂತ ದೊಡ್ಡದಾದ ಕೋಣೆ ಸಾಸ್ವೆಹಳ್ಳಿಯಲ್ಲಿ ಇಕ್ಕಟ್ಟೆನಿಸುವುದಾದರೆ ಕಾರಣವನ್ನು ಗೋಡೆಗಳ ನಡುವಿನ ಅಂತರದಲ್ಲಿ ಹುಡುಕಿ ಪ್ರಯೋಜನವಿಲ್ಲ. ಮಸಿ ಹಿಡಿದ ಗೋಡೆ, ಬೆಳಕು ಬಾರದ ಸೂರು, ಅಡಿಗೆಗೆ ಸಂಬಂಧವಿಲ್ಲದ ಸಾಮಾನು, ಆಳಿನ ಎತ್ತರಕ್ಕೆ ಹೊಂದದ ಕಟ್ಟೆ, ಇವುಗಳಲ್ಲಿ ಹುಡುಕಬೇಕು. ಇವನ್ನು ಸರಿಪಡಿಸಲು ಮನೆ ಕೆಡವಬೇಕಾಗಿಲ್ಲ.

ಮೊದಲು ಹೊಗೆ

ಗೋಡೆಗೆ ಎಷ್ಟೇ ಸುಣ್ಣ ಬಳಿದರೂ ಹೊಗೆ ನಿಲ್ಲದಿದ್ದರೆ ಆರು ತಿಂಗಳಲ್ಲಿ ಮತ್ತೆ ಕಪ್ಪಾಗುವುದು. ಆದುದರಿಂದ ಕೆಲಸವನ್ನು ಒಲೆಯಿಂದಲೇ ಆರಂಭಿಸಬೇಕು.

ಉಜ್ವಲಾ ಯೋಜನೆ 2016ರ ಮೇ 1ರಂದು ಆರಂಭವಾದ ಮೇಲೆ ಬಡವರ ಮನೆಗೂ ಗ್ಯಾಸ್ ಬಂದಿದೆ. ಆದರೂ ಸೌದೆ ಒಲೆ ಹೋಗಿಲ್ಲ. ಚಹಾ, ಉಪ್ಪಿಟ್ಟು, ಸಾರು ಗ್ಯಾಸಿನ ಮೇಲೆ. ರೊಟ್ಟಿ, ಮುದ್ದೆ, ದನಕ್ಕೆ ಬೇಯಿಸುವುದು, ಸ್ನಾನದ ನೀರು ಸೌದೆಯ ಮೇಲೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮೆಕ್ಕೆಜೋಳದ ದಿಂಡು, ಅಡಿಕೆ ಸಿಪ್ಪೆ, ತೆಂಗಿನ ಗರಿ ಮನೆಯಲ್ಲಿಯೇ ಬಿದ್ದಿರುವಾಗ ಸಿಲಿಂಡರನ್ನು ಉಳಿಸಿಕೊಳ್ಳುವುದು ಸಂಸಾರಸ್ಥರ ಲೆಕ್ಕ. ಜಗಳೂರಿನ ಕಡೆ ಹತ್ತಿ ಕಡ್ಡಿ, ತೊಗರಿ ಕಟ್ಟಿಗೆ ಇದೇ ಕೆಲಸಕ್ಕೆ ಬರುತ್ತವೆ. ಆದರೆ ಇವೆಲ್ಲವೂ, ಅದರಲ್ಲೂ ಪೂರ್ತಿ ಒಣಗದ ಅಡಿಕೆ ಸಿಪ್ಪೆ, ಬಹಳ ಹೊಗೆ ಕೊಡುವ ಉರುವಲು. ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗೋಡೆಯ ಮೇಲೆ ಕಾಣುವ ಮಸಿಯ ಒಂದು ಪಾಲು ಉಸಿರಿನೊಡನೆ ಒಳಗೂ ಹೋಗಿರುತ್ತದೆ.

ಆದ್ದರಿಂದ ಸ್ನಾನದ ನೀರಿನ ಒಲೆ ಮತ್ತು ದನದ ಅಡಿಗೆಯ ಒಲೆ ಅಡಿಗೆ ಮನೆಯಲ್ಲಿ ಇರಬಾರದು. ಇವೆರಡನ್ನು ಹಿತ್ತಲ ಕಡೆಯ ಚಾವಣಿಗೆ ಸಾಗಿಸಿದರೆ ಹೊಗೆಯ ದೊಡ್ಡ ಪಾಲು ಹೊರಗೆ ಹೋಯಿತು. ಜೊತೆಗೆ ಹಂಡೆ ಮತ್ತು ಸೌದೆಯ ರಾಶಿಯೂ ಹೊರಗೆ ಹೋಗಿ ಜಾಗ ಬಿಡುವಾಯಿತು. ರೊಟ್ಟಿ ಮುದ್ದೆಗಳ ಒಲೆ ಒಳಗೇ ಬೇಕೆಂದಾದರೆ ಅದಕ್ಕೆ ಹೊಗೆ ಕೊಳವೆ ಇರಲೇಬೇಕು.

ಈ ವಿಷಯದಲ್ಲಿ ಕರ್ನಾಟಕ ಇತರರಿಗೆ ದಾರಿ ತೋರಿದ ರಾಜ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೆಲಸ ನಡೆಸಿ, 1980ರ ದಶಕದ ಆರಂಭದಲ್ಲಿ ಅಸ್ತ್ರ ಒಲೆಯನ್ನು ರೂಪಿಸಿತು. ಮೂರು ಪಾತ್ರೆಗಳು ಒಟ್ಟಿಗೆ ಕೂರುವ, ಬೂದಿ ಕೆಳಗೆ ಬೀಳುವ ಕಬ್ಬಿಣದ ಜಾಲರಿಯುಳ್ಳ, ಹೊಗೆ ಕೊಳವೆಯಿಂದ ಹೊರಗೆ ಹೋಗುವ ಒಲೆ ಅದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹೆಚ್ಚು ಭಾಗ ಗಾಳಿಗೆ ಹೋಗಿಬಿಡುತ್ತದೆ. ಅಸ್ತ್ರ ಒಲೆಯಲ್ಲಿ ಶೇಕಡ 40ರಷ್ಟು ಶಾಖ ಪಾತ್ರೆಗೆ ದೊರೆಯುವಂತೆ ಮಾಡಲು ಸಾಧ್ಯವಾಯಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ಇಂತಹ ಒಲೆಗಳನ್ನು ಹಳ್ಳಿಹಳ್ಳಿಯಲ್ಲಿ ಹಾಕಲಾಯಿತು. 2002ರಲ್ಲಿ ಆ ಕಾರ್ಯಕ್ರಮ ನಿಂತಿತು. ಹಾಕಿದ ಒಲೆಗಳಲ್ಲಿ ಅನೇಕವು ಕೆಟ್ಟದ್ದು ಕೊಳವೆ ಕಟ್ಟಿಕೊಂಡು. ಕೊಳವೆಯನ್ನು ತಿಂಗಳಿಗೊಮ್ಮೆಯಾದರೂ ಉದ್ದ ಕೋಲಿನ ತುದಿಗೆ ಗೋಣಿ ಸುತ್ತಿ ಉಜ್ಜಬೇಕೆಂಬುದನ್ನು ಬಹಳ ಜನಕ್ಕೆ ಯಾರೂ ಹೇಳಿರಲಿಲ್ಲ. ಕೊಳವೆ ಕಟ್ಟಿದ ಒಲೆ ಮೂರು ಕಲ್ಲಿನ ಒಲೆಗಿಂತ ಹೆಚ್ಚು ಹೊಗೆಯನ್ನು ಮನೆಯೊಳಗೆ ಉಗುಳುತ್ತದೆ. ಆಗ ಮನೆಯವರು ಒಲೆಯನ್ನು ಒಡೆದು ಹಾಕಿದುದರಲ್ಲಿ ತಪ್ಪೇನೂ ಇಲ್ಲ.

ಈಗ ಹೊಗೆ ಕೊಳವೆ ಹಾಕಿಸುವವರು ಆಸ್ಬೆಸ್ಟಾಸ್ ಕೊಳವೆಯನ್ನು ಬಳಸಬಾರದು; ಒಡೆದಾಗ ಅದರ ಎಳೆಗಳು ಶ್ವಾಸಕೋಶಕ್ಕೆ ಹಾನಿಕರ. ತಗಡಿನ ಅಥವಾ ಸುಟ್ಟ ಮಣ್ಣಿನ ಕೊಳವೆ ಆದೀತು. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲೆ ಇರಬೇಕು, ಇಲ್ಲವಾದರೆ ಗಾಳಿ ಬೀಸಿದಾಗ ಹೊಗೆ ಹಿಂದಕ್ಕೆ ತಿರುಗುವುದು. ಕೊಳವೆ ಸೂರನ್ನು ದಾಟುವ ಕಡೆ ಬಿದಿರು, ರೀಪು ತಾಗದಂತೆ ನಾಲ್ಕು ಬೆರಳು ಬಿಟ್ಟು ತಗಡಿನ ಪಟ್ಟಿ ಕೊಡಬೇಕು.

ಇಲ್ಲಿ ಹಿರಿಯರು ಎತ್ತುವ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕಾಗುತ್ತದೆ. ಒಲೆಯ ಮೇಲಿನ ಸೂರಿಗೆ ಬೀಜದ ಜೋಳದ ತೆನೆ, ಅವರೆ, ಹೀರೆ, ಸೋರೆ ಬೀಜಗಳನ್ನು ತೂಗುಹಾಕುವ ರೂಢಿಯಿದೆ. ಹೊಗೆ ಹಿಡಿದ ಬೀಜಕ್ಕೆ ಹುಳು ಬೀಳುವುದಿಲ್ಲ. ಹೊಗೆ ಹಿಡಿದ ಬಿದಿರನ್ನು ಕುಟ್ಟೆ ಕೊರೆಯುವುದು ಕಡಿಮೆ. ಇದು ನಿಜ, ಅನುಭವದಿಂದ ಕಂಡುಕೊಂಡ ಮಾತು. ಹೊಗೆಯನ್ನು ಹೊರಗಟ್ಟುವವರು ಬೀಜಕ್ಕೆ ಬೇರೆ ವ್ಯವಸ್ಥೆ ಮಾಡಿಕೊಂಡೇ ಈ ಕೆಲಸಕ್ಕೆ ಕೈ ಹಾಕಬೇಕು. ಬೀಜವನ್ನು ಚೆನ್ನಾಗಿ ಒಣಗಿಸಿ, ಹಲ್ಲಿನಿಂದ ಕಚ್ಚಿದರೆ ಕಟ್ಟೆಂದು ಒಡೆಯುವಂತಾದ ಮೇಲೆ, ಜರಡಿ ಹಿಡಿದ ಒಣ ಬೂದಿ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿ ಬಾಯಿ ತುಂಬ ತುಂಬಿಡುವುದು ಸುಲಭ ಉಪಾಯ. ದ್ವಿದಳ ಬೀಜಗಳಿಗೆ ಇದು ವಿಶೇಷವಾಗಿ ಒಳ್ಳೆಯದು. ಅರ್ಧ ಡಬ್ಬಿ ಖಾಲಿ ಬಿಟ್ಟರೆ ಒಳಗಿನ ಗಾಳಿಯಲ್ಲಿ ಹುಳು ಬದುಕಿಕೊಳ್ಳುತ್ತದೆ. ಮಾಡಿನ ಮರಮುಟ್ಟಿಗೆ ಗೇರು ಎಣ್ಣೆಯನ್ನು ಕುಂಚದಿಂದ ಹಚ್ಚಬಹುದು. ಅದು ಕೈಗೆ ತಾಗಿದರೆ ಚರ್ಮ ಸುಡುತ್ತದೆಯಾದ್ದರಿಂದ ಕೈಚೀಲ ಹಾಕಿಕೊಳ್ಳಬೇಕು.

ಬೆಳಕು ಮೇಲಿನಿಂದ ಬರಲಿ

ಕಿಟಕಿ ಇಡಿಸಿ ಎಂದು ಹೇಳುವುದು ಸುಲಭ. ಕಟ್ಟಡ ಸಂಹಿತೆಯೂ ಅಡಿಗೆ ಮನೆಯ ಕಿಟಕಿ 1 ಚದರ ಮೀಟರಿಗೆ, ಎಂದರೆ ಸುಮಾರು 3 ಅಡಿ ಅಗಲ ಮೂರೂವರೆ ಅಡಿ ಎತ್ತರಕ್ಕೆ ಕಡಿಮೆಯಿರಬಾರದೆಂದು ಹೇಳುತ್ತದೆ. ಆದರೆ ಬಯಲು ಸೀಮೆಯ ಊರುಗಳಲ್ಲಿ ಮನೆಗಳು ಒಂದರ ಪಕ್ಕೆಗೊಂದು ಅಂಟಿಕೊಂಡಿರುತ್ತವೆ. ಎಡಗೋಡೆ ದಾಯಾದಿಯದು, ಬಲಗೋಡೆ ನೆರೆಯವರದು. ಅಂತಹ ಮನೆಯ ಅಡಿಗೆ ಕೋಣೆಗೆ ಕಿಟಕಿಯೆಲ್ಲಿ ಇಡಬೇಕು? ಹಿಂದಿನವರು ಇದಕ್ಕೆ ಉತ್ತರ ಕಂಡುಕೊಂಡಿದ್ದರು. ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ಮಳೆ ಬಂದಾಗ ಅದರ ಮೇಲೆ ಹಲಗೆಯನ್ನೋ ತಗಡನ್ನೋ ಮುಚ್ಚುತ್ತಿದ್ದರು. ಮರೆತು ಮುಚ್ಚಿಯೇ ಬಿಟ್ಟ ಬೆಳಕಿಂಡಿಗಳು ಇಂದಿಗೂ ಅನೇಕ ಮಾಳಿಗೆ ಮನೆಗಳಲ್ಲಿವೆ. ಅದನ್ನು ಮತ್ತೆ ತೆರೆದು, ಸುತ್ತಲೂ ಒಂದು ಗೇಣು ಎತ್ತರದ ಇಟ್ಟಿಗೆ ಕಟ್ಟೆ ಕಟ್ಟಿ, ಮೇಲೆ ದಪ್ಪ ಗಾಜನ್ನು ಇಳಿಜಾರಾಗಿ ಕೂರಿಸಿ, ಕಟ್ಟೆಯ ಒಂದು ಪಕ್ಕದಲ್ಲಿ ಗಾಳಿಗೆ ಜಾಲರಿ ಬಿಟ್ಟರೆ ಒಂದು ದಿನದ ಗಾರೆ ಕೆಲಸದಲ್ಲಿ ಬೆಳಕೂ ಗಾಳಿಯೂ ಬಂದವು.

ಹಂಚಿನ ಮನೆಗೆ ಇನ್ನೂ ಸುಲಭ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಹರಡಿದ ಮಂಗಳೂರು ಹಂಚಿಗೆ ಒಂದು ದೊಡ್ಡ ಅನುಕೂಲವಿದೆ. ಅದೇ ಅಚ್ಚಿನ ಗಾಜಿನ ಹಂಚು ದೊರೆಯುತ್ತದೆ. ಒಂದು ಮಣ್ಣಿನ ಹಂಚನ್ನು ಸರಿಸಿ ತೆಗೆದು ಅದರ ಜಾಗಕ್ಕೆ ಗಾಜಿನ ಹಂಚನ್ನು ಕೂರಿಸಿದರೆ ಕೆಲಸ ಮುಗಿಯಿತು, ಮೇಸ್ತ್ರಿಯೂ ಬೇಡ. 80 ಚದರ ಅಡಿಯ ಕೋಣೆಗೆ ಮೂರು ನಾಲ್ಕು ಹಂಚು ಸಾಕು. ಎಲ್ಲಿ ಹಾಕಬೇಕು ಎಂಬುದರಲ್ಲಿ ಮಾತ್ರ ಸ್ವಲ್ಪ ವಿಚಾರ ಮಾಡಬೇಕು. ಒಲೆಯ ನೇರ ಮೇಲೆ ಹಾಕಿದರೆ ಒಂದೇ ತಿಂಗಳಲ್ಲಿ ಜಿಡ್ಡು ಮಸಿ ಹಿಡಿದು ಗಾಜು ಮಣ್ಣಿನ ಹಂಚಿನಂತೆಯೇ ಆಗುವುದು. ತರಕಾರಿ ಹೆಚ್ಚುವ, ಅಕ್ಕಿ ತೊಳೆಯುವ ಜಾಗದ ಮೇಲೆ ಹಾಕಬೇಕು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಹಾಕದೆ ಚದುರಿಸಿ ಹಾಕಿದರೆ ಮೂಲೆಗಳಿಗೂ ಬೆಳಕು ತಲಪುವುದು. ಕೋತಿಗಳ ಕಾಟವಿರುವ ಊರಿನಲ್ಲಿ ಒಂದೆರಡು ಗಾಜಿನ ಹಂಚನ್ನು ಹೆಚ್ಚಿಗೆ ತಂದು ಅಟ್ಟದ ಮೇಲೆ ಇಟ್ಟಿರುವುದು ಜಾಣತನ.

ಹಿತ್ತಲಿಗೆ ತೆರೆದ ಗೋಡೆ ಇರುವವರು ಕಿಟಕಿಯನ್ನೇ ಇಡಿಸಬೇಕು. ಹಳೆಯ ಮಣ್ಣಿನ ಗೋಡೆಯಲ್ಲಿ ಕಿಟಕಿ ಒಡೆಯುವಾಗ ತೊಲೆ ಕುಳಿತಿರುವ ಜಾಗದ ಕೆಳಗೆ ಒಡೆಯಬಾರದು. ಮೇಲಿನ ಅಡ್ಡಹಾಸು ಕಲ್ಲು ಎರಡೂ ಕಡೆ ಒಂದು ಗೇಣಿಗೆ ಕಡಿಮೆಯಿಲ್ಲದಂತೆ ಗೋಡೆಯ ಮೇಲೆ ಕೂರಬೇಕು. ಗ್ಯಾಸ್ ಒಲೆಯ ಬೆನ್ನಿಗೇ ಕಿಟಕಿ ಬಂದರೆ ಗಾಳಿಗೆ ಉರಿ ಆರುತ್ತದೆ. ಒಲೆಯ ಪಕ್ಕಕ್ಕೆ ಬರಲಿ.

ರಾತ್ರಿಯ ದೀಪದ ವಿಷಯ ಚಿಕ್ಕದಾದರೂ ಹೇಳಲೇಬೇಕು. ಸಾಮಾನ್ಯವಾಗಿ ಬಲ್ಬನ್ನು ಬಾಗಿಲ ಮೇಲೆ ಹಾಕಿರುತ್ತಾರೆ, ಏಕೆಂದರೆ ವಯರು ಅಲ್ಲಿಯ ತನಕ ಬಂದಿರುತ್ತದೆ. ಒಲೆಯ ಮುಂದೆ ನಿಂತವರಿಗೆ ದೀಪ ಬೆನ್ನ ಹಿಂದಾಯಿತು. ಅವರ ನೆರಳೇ ಸಾರಿನ ಪಾತ್ರೆಯ ಮೇಲೆ ಬೀಳುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ನೆರಳು ಇನ್ನೂ ಕಪ್ಪಾಗುವುದೇ ಹೊರತು ಪ್ರಯೋಜನವಿಲ್ಲ. ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಹಳೆಯ 60 ವ್ಯಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಅದನ್ನು ಕೆಲಸ ಮಾಡುವವರ ಎದುರಿಗೆ, ತಲೆಗಿಂತ ಮೇಲೆ, ಸ್ವಲ್ಪ ಎಡಕ್ಕೆ ಹಾಕಿದರೆ ಸಾಕು.

ಸುಣ್ಣದ ಕೆಲಸ

ಸುಣ್ಣ ಬಳಿದ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಕೋಣೆಗೆ ಹಿಂತಿರುಗಿಸುತ್ತದೆ. ಮಸಿ ಹಿಡಿದ ಗೋಡೆ ಹತ್ತರಲ್ಲಿ ಒಂದು ಪಾಲನ್ನೂ ಹಿಂತಿರುಗಿಸುವುದಿಲ್ಲ. ಎರಡು ಗಾಜಿನ ಹಂಚಿನಿಂದ ಬಂದ ಬೆಳಕು ಕಪ್ಪು ಗೋಡೆಯಿದ್ದರೆ ನೆಲದ ಮೇಲೆ ಎರಡು ಚೌಕವಾಗಿ ಬಿದ್ದು ಅಷ್ಟಕ್ಕೇ ನಿಲ್ಲುವುದು; ಬಿಳಿ ಗೋಡೆಯಿದ್ದರೆ ಕೋಣೆಯನ್ನೆಲ್ಲ ತುಂಬುವುದು. ಕೋಣೆ ವಿಶಾಲವಾಗಿ ತೋರುವುದೂ ಇದರಿಂದಲೇ. ಮೂಲೆಗಳು ಕಾಣದ ಕೋಣೆ ಯಾವಾಗಲೂ ಚಿಕ್ಕದಾಗಿ ತೋರುತ್ತದೆ.

ಮಸಿಯ ಮೇಲೆಯೇ ಸುಣ್ಣ ಬಳಿಯಬಾರದು. ಎರಡು ದಿನದಲ್ಲಿ ಹಳದಿ ಕಂದು ಕಲೆಗಳು ಮೇಲೆದ್ದು ಬರುತ್ತವೆ. ಮೊದಲು ಒಣ ಪೊರಕೆಯಿಂದ ಸೂರಿನಿಂದ ಕೆಳಮುಖವಾಗಿ ಗುಡಿಸಬೇಕು. ಗುಡಿಸುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಗಾರೆ ಗೋಡೆಯಾದರೆ ಬಿಸಿ ನೀರಿನಲ್ಲಿ ಕರಗಿಸಿದ ತೊಳೆಯುವ ಸೋಡದಿಂದ ಉಜ್ಜಿ ತೊಳೆಯಬೇಕು. ಮಣ್ಣಿನ ಗೋಡೆಗೆ ನೀರು ಸುರಿಯುವಂತಿಲ್ಲ. ಮಸಿಯ ಪದರವನ್ನು ಕೆರೆದು ತೆಗೆದು, ಮಣ್ಣು ಸಗಣಿಯ ತೆಳು ಲೇಪ ಕೊಟ್ಟು, ಒಣಗಿದ ಮೇಲೆ ಸುಣ್ಣಕ್ಕೆ ತೊಡಗಬೇಕು.

ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರಿನ ಲೆಕ್ಕದಲ್ಲಿ ಹಿಂದಿನ ದಿನವೇ ನೆನೆಹಾಕಬೇಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಬೇಡ, ಸುಣ್ಣ ಅದನ್ನು ತಿಂದುಬಿಡುತ್ತದೆ. ಸುಣ್ಣ ಕುದಿಯುವಾಗ ಮಕ್ಕಳು ಹತ್ತಿರ ಸುಳಿಯಬಾರದು. ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಹಾರಿದ ಪಕ್ಷದಲ್ಲಿ ತಡಮಾಡದೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ತಣಿದ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಅಂಟನ್ನೋ ಅಕ್ಕಿ ಗಂಜಿಯನ್ನೋ ಬೆರೆಸಿದರೆ ಒಣಗಿದ ಮೇಲೆ ಕೈಗೆ ಹತ್ತುವುದಿಲ್ಲ. ಚಿಟಿಕೆ ನೀಲಿ ಹಾಕಿದರೆ ಬಿಳುಪು ಹೆಚ್ಚುತ್ತದೆ. ತೆಳುವಾಗಿ ಮೂರು ಸಲ ಬಳಿಯುವುದು ದಪ್ಪವಾಗಿ ಒಂದು ಸಲ ಬಳಿಯುವುದಕ್ಕಿಂತ ಉತ್ತಮ. ದಪ್ಪ ಸುಣ್ಣ ಹೆಪ್ಪಳಿಕೆಯಾಗಿ ಉದುರುತ್ತದೆ. ಗೋಡೆಯ ಗೂಡುಗಳ ಒಳಭಾಗವನ್ನೂ, ಸೂರಿನ ಹಲಗೆ ಬಿದಿರುಗಳನ್ನೂ ಬಿಡದೆ ಬಳಿಯಬೇಕು.

ಎಣ್ಣೆ ಬಣ್ಣ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಸಿಮೆಂಟು ಗಾರೆಯ ಗೋಡೆಗೆ ಒಲೆಯ ಹಿಂಭಾಗದಲ್ಲಿ ಮೂರು ನಾಲ್ಕು ಅಡಿ ಎತ್ತರಕ್ಕೆ ಒಳ್ಳೆಯದೇ, ಒರೆಸಲು ಅನುಕೂಲ. ಮಣ್ಣಿನ ಗೋಡೆಗೆ ಬೇಡ. ಗೋಡೆಯೊಳಗಿನ ಪಸೆ ಹೊರಬರಲಾರದೆ ಬಣ್ಣ ಹೊಪ್ಪಳಿಸಿ ಏಳುತ್ತದೆ.

ಚೀಲಗಳು ಹೊರಗೆ, ಕಪಾಟು ಕೈಯಳತೆಯಲ್ಲಿ

ನಿಲ್ಲಿಸಿಟ್ಟ ಒಂದು ಚೀಲ ಸುಮಾರು ಎರಡು ಅಡಿ ಚೌಕದ ನೆಲ ಹಿಡಿಯುತ್ತದೆ. ಅಕ್ಕಿ, ರಾಗಿ, ಜೋಳ, ಕಾಯಿ ಎಂದು ನಾಲ್ಕು ಚೀಲಗಳಿದ್ದರೆ 16 ಚದರ ಅಡಿ ಹೋಯಿತು, ಎಂದರೆ ಕೋಣೆಯ ಐದನೆಯ ಒಂದು ಪಾಲು. ಅದರ ಪಕ್ಕದಲ್ಲಿ ಹಬ್ಬಕ್ಕೊಮ್ಮೆ ಬಳಸುವ ದೊಡ್ಡ ಕೊಳಗ, ಮದುವೆಯಲ್ಲಿ ಬಂದ ಹಿತ್ತಾಳೆ ಪಾತ್ರೆ, ಮೂಲೆಯಲ್ಲಿ ಯೂರಿಯಾ ಚೀಲ, ಅಟ್ಟದ ಮೇಲೆ ಔಷಧಿ ಸಿಂಪಡಿಸುವ ಪಂಪು! ಗೊಬ್ಬರ ಮತ್ತು ಕೀಟನಾಶಕಗಳು ಅಡಿಗೆ ಮನೆಯಲ್ಲಿ ಒಂದು ದಿನವೂ ಇರಬಾರದು. ಜಾಗದ ಪ್ರಶ್ನೆಗಿಂತ ಇದು ಪ್ರಾಣದ ಪ್ರಶ್ನೆ. ಅವು ಕೊಟ್ಟಿಗೆಯ ಕಡೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ.

ವರ್ಷದ ದವಸ ನಡುಮನೆಯಲ್ಲಿ, ಗೋಡೆಯಿಂದ ಒಂದಡಿ ಬಿಟ್ಟು, ಹಲಗೆಯ ಮೇಲೆ ಇರಬೇಕು. ಅಡಿಗೆ ಮನೆಗೆ ಬರಬೇಕಾದುದು ವಾರಕ್ಕೆ ಬೇಕಾಗುವಷ್ಟು ಮಾತ್ರ. ಪ್ರತಿ ಸೋಮವಾರವೋ ಸಂತೆಯ ದಿನವೋ ಡಬ್ಬಿ ತುಂಬಿಕೊಳ್ಳುವ ರೂಢಿ ಮಾಡಿಕೊಂಡರೆ ಯಾವುದು ಮುಗಿಯುತ್ತ ಬಂದಿದೆ ಎಂಬುದೂ ತಿಳಿಯುತ್ತದೆ, ಹುಳು ಹಿಡಿದುದೂ ಬೇಗ ಕಣ್ಣಿಗೆ ಬೀಳುತ್ತದೆ.

ಕಪಾಟಿನ ಹಲಗೆ ಅಗಲವಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಒಂದೂವರೆ ಅಡಿ ಅಗಲದ ಕಡಪ ಕಲ್ಲಿನ ಮೇಲೆ ಡಬ್ಬಿಗಳು ಮೂರು ಸಾಲಾಗಿ ಕೂರುತ್ತವೆ. ಹಿಂದಿನ ಸಾಲಿನ ಮೆಂತ್ಯ ತೆಗೆಯಲು ಮುಂದಿನ ಆರು ಡಬ್ಬಿ ಇಳಿಸಬೇಕು. ಒಂದು ಗೇಣು ಅಗಲದ ಹಲಗೆ ಸಾಕು. ಒಂದೇ ಸಾಲು ನಿಲ್ಲುತ್ತದೆ, ಎಲ್ಲವೂ ಕಾಣುತ್ತದೆ, ಕೋಣೆಯ ಜಾಗವನ್ನೂ ನುಂಗುವುದಿಲ್ಲ. ಹಳೆಯ ಮನೆಯ ದಪ್ಪ ಗೋಡೆಯ ಗೂಡುಗಳು ಇದೇ ಅಳತೆಯವು. ಅವನ್ನು ಮುಚ್ಚಿಸಿ ಹೊಸ ಕಪಾಟು ಮಾಡಿಸುವುದು ಹಣ ಕೊಟ್ಟು ಜಾಗ ಕಳೆದುಕೊಂಡಂತೆ. ದಿನವೂ ಬೇಕಾಗುವ ವಸ್ತುಗಳು ಸೊಂಟದಿಂದ ಕಣ್ಣಿನ ಎತ್ತರದೊಳಗೆ ಇರಬೇಕು. ತಿಂಗಳಿಗೊಮ್ಮೆ ಬೇಕಾಗುವುದು ಅದರ ಮೇಲೆ, ಹಬ್ಬದ ಪಾತ್ರೆ ಅಟ್ಟಕ್ಕೆ. ಒಲೆಯ ನೇರ ಮೇಲೆ ಹಲಗೆ ಬೇಡ. ಉಪ್ಪಿಗಾಗಿ ಕೈ ಚಾಚಿದಾಗ ಸೆರಗಿಗೆ ಉರಿ ತಾಗಿದ ಪ್ರಸಂಗಗಳು ಎಲ್ಲ ಊರಿನಲ್ಲಿಯೂ ಇವೆ. ಸೌಟು, ಜಾಲರಿ ಸೌಟು, ಇಕ್ಕಳ, ತುರಿಯುವ ಮಣೆಗಳಿಗೆ ಗೋಡೆಯಲ್ಲಿ ಒಂದು ರೀಪು ಹೊಡೆದು ಮೊಳೆ ಸಾಲು ಮಾಡಿದರೆ ಸಾಕು. ಹಾಲು ಮೊಸರಿಗೆ ನೆಲುವಿಗಿಂತ ಉತ್ತಮವಾದ ವ್ಯವಸ್ಥೆ ಬೆಕ್ಕಿರುವ ಮನೆಯಲ್ಲಿ ಇನ್ನೂ ಬಂದಿಲ್ಲ.

ಕಟ್ಟೆ ಯಾರ ಎತ್ತರಕ್ಕೆ?

ಗ್ಯಾಸ್ ಬಂದ ಮೇಲೆ ಎಲ್ಲರೂ ನಿಂತು ಅಡಿಗೆ ಮಾಡುವ ಕಟ್ಟೆ ಕಟ್ಟಿಸುತ್ತಿದ್ದಾರೆ. ಗಾರೆ ಮೇಸ್ತ್ರಿ ತನ್ನ ರೂಢಿಯ ಎರಡೂ ಮುಕ್ಕಾಲು ಅಡಿಯಲ್ಲಿ ಕಲ್ಲು ಕೂರಿಸಿ ಹೋಗುತ್ತಾನೆ. ಅದರ ಮುಂದೆ ಇಪ್ಪತ್ತು ವರ್ಷ ನಿಲ್ಲುವವರ ಎತ್ತರವನ್ನು ಅಳೆದವರು ಯಾರೂ ಇಲ್ಲ. ಅಳೆಯುವ ವಿಧಾನ ಸುಲಭ. ಅಡಿಗೆ ಮಾಡುವ ಹೆಣ್ಣುಮಗಳು ನೆಟ್ಟಗೆ ನಿಂತು ಮೊಣಕೈ ಮಡಿಸಲಿ. ನೆಲದಿಂದ ಮೊಣಕೈಗೆ ಎಷ್ಟಾಯಿತೋ ಅದರಲ್ಲಿ ನಾಲ್ಕು ಅಂಗುಲ ಕಳೆದರೆ ಹೆಚ್ಚುವ, ತೊಳೆಯುವ ಕಟ್ಟೆಯ ಎತ್ತರ ಸಿಕ್ಕಿತು. ಸುಮಾರು ಐದು ಅಡಿ ಎತ್ತರದವರಿಗೆ ಮೊಣಕೈ 37 ಅಂಗುಲದಲ್ಲಿರುತ್ತದೆ. ಕಟ್ಟೆ 33 ಅಂಗುಲಕ್ಕೆ ಬರುತ್ತದೆ. ಇಷ್ಟರ ಮಟ್ಟಿಗೆ ಮೇಸ್ತ್ರಿಯ ರೂಢಿ ಸರಿಯೇ. ಆದರೆ ಅದೇ ಕಟ್ಟೆಯ ಮೇಲೆ ಐದು ಅಂಗುಲದ ಗ್ಯಾಸ್ ಒಲೆ, ಅದರ ಮೇಲೆ ಎಂಟು ಅಂಗುಲದ ಪಾತ್ರೆ ಇಟ್ಟರೆ ಪಾತ್ರೆಯ ಬಾಯಿ 46 ಅಂಗುಲಕ್ಕೆ, ಎದೆಯ ಮಟ್ಟಕ್ಕೆ ಏರಿತು. ದಿನವೂ ಭುಜ ಎತ್ತಿಯೇ ತಿರುವಬೇಕು. ಹಬೆ ಮುಖಕ್ಕೆ ಹೊಡೆಯುತ್ತದೆ. ಸಂಜೆಗೆ ಹೆಗಲು ನೋವೆಂದು ಮುಲಾಮು ಹಚ್ಚಿಕೊಳ್ಳುವವರ ಮನೆಯ ಕಟ್ಟೆಯನ್ನು ಒಮ್ಮೆ ಅಳೆದು ನೋಡುವುದು ಲೇಸು. ಆದ್ದರಿಂದ ಒಲೆ ಕೂರುವ ಭಾಗವನ್ನು ಐದಾರು ಅಂಗುಲ ತಗ್ಗಿಸಿ ಕಟ್ಟಿಸಬೇಕು. ಕಟ್ಟಿ ಆಗಿಹೋಗಿದ್ದರೆ ಒಲೆಯ ಮುಂದೆ ನಿಲ್ಲಲು ಅಗಲವಾದ, ಅಲುಗಾಡದ ಹಲಗೆ ಮಣೆಯನ್ನು ಮಾಡಿಸಬಹುದು. ಕಾಲು ಎಡವದಂತೆ ಅದು ಕಟ್ಟೆಯ ಉದ್ದಕ್ಕೂ ಇರಬೇಕು.

ಮುದ್ದೆಯ ಮಾತೇ ಬೇರೆ. ಪಟ್ಟಣದವರ ಅಡಿಗೆ ಮನೆಯ ನಕ್ಷೆಯಲ್ಲಿ ಮುದ್ದೆಗೆ ಜಾಗವಿಲ್ಲ. ಆರೇಳು ಜನಕ್ಕೆ ಮುದ್ದೆ ತಿರುವುವಾಗ ಕೋಲಿನ ಮೇಲೆ ಮೈಯ ಭಾರ ಬಿಡಬೇಕಾಗುತ್ತದೆ. ಎದೆಮಟ್ಟದ ಪಾತ್ರೆಯಲ್ಲಿ ಅದು ಸಾಧ್ಯವಿಲ್ಲ, ಪಾತ್ರೆ ಮಗುಚಿದರೆ ಮೈ ಸುಡುವುದು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಳಿಸಿ ನೆಲದಿಂದ ಒಂದಡಿ ಎತ್ತರದ ಗಟ್ಟಿ ಕಲ್ಲಿನ ಮೇಲಿಟ್ಟು, ಎರಡು ಕವಲಿನ ಕೋಲಿನಿಂದ ಒತ್ತಿ ಹಿಡಿದು ತಿರುವುವುದು ಸರಿಯಾದ ಕ್ರಮ. ಅದಕ್ಕಾಗಿ ಒಲೆಯ ಪಕ್ಕದಲ್ಲಿ ಎರಡೂವರೆ ಅಡಿ ಚೌಕದ ನೆಲವನ್ನು ಖಾಲಿ ಬಿಡಬೇಕು. ರೊಟ್ಟಿ ಬಡಿಯುವುದಕ್ಕೂ ಇದೇ ಜಾಗ ಆಗುತ್ತದೆ. ಹೊಸ ಕಟ್ಟೆ ಕಟ್ಟಿಸುವ ಉತ್ಸಾಹದಲ್ಲಿ ಈ ನೆಲವನ್ನೂ ಕಲ್ಲಿನಿಂದ ತುಂಬಿಸಿ, ಕಡೆಗೆ ರೊಟ್ಟಿಗಾಗಿ ಹಿತ್ತಲಲ್ಲಿ ಮತ್ತೊಂದು ಒಲೆ ಹೂಡಿದ ಮನೆಗಳು ಇಲ್ಲದಿಲ್ಲ.

ಗ್ಯಾಸ್ ಸಿಲಿಂಡರನ್ನು ಯಾವಾಗಲೂ ನಿಲ್ಲಿಸಿ, ಒಲೆಗಿಂತ ತಗ್ಗಿನಲ್ಲಿ ಇಡಬೇಕು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಹೊಗೆಯಂತೆ ಮೇಲೇರದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಕಟ್ಟೆಯ ಕೆಳಗೆ ಬಾಗಿಲು ಹಾಕಿ ಸಿಲಿಂಡರ್ ಮುಚ್ಚಿದರೆ ನೋಡಲು ಚೆಂದ ನಿಜ. ಆ ಬಾಗಿಲಿನ ಕೆಳಗೂ ಮೇಲೂ ಗಾಳಿಗೆ ಕಂಡಿ ಬಿಡಬೇಕು. ಗೋಡೆಯ ಬುಡದಲ್ಲಿ, ನೆಲದ ಮಟ್ಟಕ್ಕೆ, ಇಲಿ ನುಗ್ಗದ ಜಾಲರಿಯಿರುವ ಒಂದು ಸಣ್ಣ ಕಂಡಿಯೂ ಅವಶ್ಯಕ. ಉರಿಯುವ ಸೌದೆ ಒಲೆಯಿರುವ ಕೋಣೆಯಲ್ಲಿ ಸಿಲಿಂಡರ್ ಇಡದಿರುವುದೇ ಕ್ಷೇಮ.

ಪಾತ್ರೆ ತೊಳೆಯುವ ಬಚ್ಚಲು ಒಳಗಿದ್ದರೆ ನೆಲ ಆರುವುದಿಲ್ಲ, ಜಿರಲೆ ಬಿಡುವುದಿಲ್ಲ. ಹಿತ್ತಲ ಬಾಗಿಲ ಹೊರಗೆ ಸೊಂಟದ ಎತ್ತರಕ್ಕೆ ಒಂದು ಕಲ್ಲು ಹಾಕಿಸಿ ನೀರನ್ನು ಬಾಳೆ, ಕೆಸುವಿನ ಪಾತಿಗೆ ಹರಿಸಬಹುದು.

ಗ್ರಾಮಸೇವಕರು ಮತ್ತು ಗೃಹವಿಜ್ಞಾನ ಕಾರ್ಯಕರ್ತೆಯರು ಇದನ್ನು ಊರಿನಲ್ಲಿ ತೋರಿಸುವಾಗ ಭಾಷಣಕ್ಕಿಂತ ಒಂದು ಮನೆಯನ್ನು ಆರಿಸಿಕೊಳ್ಳುವುದು ಮೇಲು. ಅನುಕೂಲಸ್ಥರ ಮನೆ ಬೇಡ. ಅಲ್ಲಿ ಏನು ಮಾಡಿದರೂ "ಅವರಿಗೆ ಸಾಗುತ್ತದೆ" ಎಂದು ಜನ ಎದ್ದು ಹೋಗುತ್ತಾರೆ. ಪಕ್ಕೆಗೋಡೆಗಳಿಗೆ ಕಿಟಕಿಯಿಲ್ಲದ ಸಾಧಾರಣ ಮನೆಯಲ್ಲಿ, ಮಧ್ಯಾಹ್ನ ದೀಪ ಆರಿಸಿ, ಒಲೆಯ ಪಕ್ಕದಲ್ಲಿ ಅಕ್ಕಿಯ ಮೊರ ಇಟ್ಟು ಎಷ್ಟು ಕಲ್ಲು ಕಾಣುತ್ತವೆಂದು ಮನೆಯವರಿಂದಲೇ ಎಣಿಸಬೇಕು. ಚೀಲಗಳನ್ನು ಸಾಗಿಸಿ, ಮಸಿ ಗುಡಿಸಿ, ಸುಣ್ಣ ಬಳಿದು, ಮೂರು ಗಾಜಿನ ಹಂಚು ಹಾಕಿದ ಮೇಲೆ ಅದೇ ಹೊತ್ತಿನಲ್ಲಿ ಅದೇ ಮೊರವನ್ನು ಅಲ್ಲಿಯೇ ಇಟ್ಟು ಮತ್ತೆ ಎಣಿಸಬೇಕು. ಮನೆಯ ಗಂಡಸರು ಎರಡೂ ಸಲ ಹಾಜರಿರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಹಣ ತೆಗೆಯುವ ಕೈ ಸಾಮಾನ್ಯವಾಗಿ ಅವರದು.

ಈ ಕೆಲಸಕ್ಕೆ ಸುಗ್ಗಿ ಮುಗಿದ ಮೇಲಿನ, ಯುಗಾದಿಗೆ ಮುಂಚಿನ ವಾರಗಳು ಅನುಕೂಲವಾದ ಕಾಲ. ಮಾಡು ಒಣಗಿರುತ್ತದೆ, ಸುಣ್ಣ ಬೇಗ ಹಿಡಿಯುತ್ತದೆ. ಗಾಜಿನ ಹಂಚುಗಳನ್ನು ಮುಂಗಾರಿಗೆ ಮೊದಲು ಒಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಒಳಗೂ ಹೊರಗೂ ಬೂದಿ ನೀರಿನಿಂದ ತೊಳೆಯಬೇಕು. ಪಾಚಿ ಕಟ್ಟಿದ ಹಂಚಿನ ಮಾಡಿನ ಮೇಲೆ ಕಾಲಿಡದೆ, ಕೆಳಗಿನಿಂದ ಏಣಿ ಹಾಕಿ ಹಂಚನ್ನು ಸರಿಸಿ ಇಳಿಸಿಕೊಂಡು ತೊಳೆಯಬೇಕು.